ಎಡೆಯಾದ ಮೇಲಿನ ಮೊದಲ ತುತ್ತು

ನಮ್ಮ ಮನೆಯಲ್ಲಿ ಒಲೆಯ ಮುಂದೆ ನಿಂತವಳು ರುಚಿ ನೋಡುವಂತಿಲ್ಲ. ಕಂಪ್ಲಿಯಿಂದ ಹೊಸಪೇಟೆಗೆ ಸೊಸೆಯಾಗಿ ಬಂದ ಹೊಸತರಲ್ಲೇ ನಾನು ಕಲಿತ ಪಾಠ ಇದು. ಸಾರು ಕುದಿಯುವಾಗ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದ್ದೆ. ತವರಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಅತ್ತೆ ನೋಡಿದರು, ಬೈಯಲಿಲ್ಲ. ಆ ಪಾತ್ರೆಯನ್ನು ಇಳಿಸಿ ಪಕ್ಕಕ್ಕೆ ಸರಿಸಿ, ಇನ್ನೊಂದು ಚಿಕ್ಕ ಪಾತ್ರೆಯಲ್ಲಿ ದೇವರಿಗೆಂದು ಬೇರೆ ಸಾರಿಗೆ ಇಟ್ಟರು. ನನ್ನ ಎಂಜಲು ಸಾರನ್ನು ನಾವೆಲ್ಲ ಉಂಡೆವು, ದೇವರಿಗೆ ಹೊಸ ಸಾರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಅಡುಗೆ ಆದ ಕೂಡಲೇ ಪುಟ್ಟ ತಟ್ಟೆಯಲ್ಲಿ ಎಲ್ಲವನ್ನೂ ಚೂರು ಚೂರು ಬಡಿಸಿ ದೇವರ ಜಗಲಿಯ ಮುಂದೆ ಎಡೆ ಇಡಬೇಕು. ಅದಾದ ಮೇಲೆ ಮೊದಲ ತುತ್ತು ಮನೆಯ ಹಿರಿಯರದು. ಮಾವನವರು ತೀರಿಕೊಂಡ ಮೇಲೆ ಆ ತುತ್ತು ಅತ್ತೆಯ ಪಾಲಿಗೆ ಬಂತು. ಆಮೇಲೆ ಉಳಿದವರು, ಕಟ್ಟಕಡೆಗೆ ಮಾಡಿದವಳು. ಹೀಗಾಗಿ ನನ್ನ ಅಡುಗೆಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಸುದ್ದಿ ಇಡೀ ಮನೆಯಲ್ಲಿ ಕೊನೆಗೆ ತಲುಪುತ್ತಿದ್ದದ್ದು ನನಗೇ. ಎಲ್ಲವೂ ಕೈ ಅಂದಾಜು. ಅಂದಾಜು ಕೆಟ್ಟರೆ ಅತ್ತೆಯ ಬಾಯಿಯಿಂದ ತಿಳಿಯಬೇಕು.

ಅತ್ತೆಯ ಬಾಯಿ ಅಂಥಿಂಥದ್ದಲ್ಲ. ಅವರು ಸಂಡೂರಿನವರು, ದೊಡ್ಡ ಮನೆಯ ಹಿರಿ ಮಗಳು, ಚಿಕ್ಕ ವಯಸ್ಸಿನಿಂದ ಒಲೆಯ ಮುಂದೆ ಬೆಳೆದವರು. ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಕೊರತೆ ಹೇಳುತ್ತಿದ್ದರು. ಹುಳಿ ಮುಂದಾಗೈತಿ. ಶೇಂಗಾ ಹಸಿ ಉಳದಾವ. ಇನ್ನೊಂದು ಕುದಿ ಬೇಕಿತ್ತು. ಯಾವ ಕೊರತೆಯೂ ಸಿಗದ ದಿನ, ಸೋತವರ ಹಾಗೆ, "ತಿನ್ನಾಕ ಬರ್ತೈತಿ" ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಚಲೋ ಆಗೈತಿ ಎಂದು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ, ಸ್ವಂತ ಮಗಳಿಗೂ ಕೂಡ.

ಮಾವನವರು ಡ್ಯಾಂನ ಕಾಲುವೆ ಆಫೀಸಿನಲ್ಲಿದ್ದರು. ಅವರು ನಿವೃತ್ತರಾದ ಮೇಲೆ ಕ್ವಾರ್ಟರ್ಸ್ ಬಿಟ್ಟು, ಡ್ಯಾಂ ರಸ್ತೆಯಲ್ಲೇ ಒಂದು ಬಾಡಿಗೆ ಮನೆ ಹಿಡಿದೆವು. ನಮ್ಮ ಮನೆಯವರದು ಹಂಪಿ ನೋಡಲು ಬರುವವರನ್ನು ಸುತ್ತಾಡಿಸುವ ಗಾಡಿ. ದಸರೆಯಿಂದ ಶಿವರಾತ್ರಿಯವರೆಗೆ ಅವರಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಬೇಸಿಗೆ ಬಂದು ಬಂಡೆಗಳು ಕಾಯತೊಡಗಿದವೆಂದರೆ ಹಂಪಿ ಬಜಾರಿನಲ್ಲಿ ಎಳನೀರು ಮಾರುವವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿರುತ್ತಾರೆ. ಗಾಡಿ ನಮ್ಮ ಬಾಗಿಲ ಮುಂದೆ ಹೊದಿಕೆ ಹೊದ್ದು ನಿಲ್ಲುತ್ತದೆ. ಆ ಹೊದಿಕೆ ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಂಥದೊಂದು ಬೇಸಿಗೆಯಲ್ಲಿ ನಾನು ಅಡುಗೆಯ ಚಾನೆಲ್ ಶುರು ಮಾಡಿದೆ. ಮಗಳು ಬಳ್ಳಾರಿಯ ಕಾಲೇಜಿಗೆ ಸೇರುವವಳಿದ್ದಳು. ಹೋಗುವ ಮುಂಚೆ ವಿಡಿಯೊ ಹಿಡಿಯುವುದು, ಕತ್ತರಿಸಿ ಜೋಡಿಸುವುದು ಎಲ್ಲ ಕಲಿಸಿಕೊಟ್ಟಳು. ಮೊದಲು ಮಾಡಿದ್ದು ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ. ಹೊಸಪೇಟೆಯವಳು ಇನ್ನೇನು ಮಾಡಿಯಾಳು? ನಾನು ರೇಡಿಯೊದವರ ಹಾಗೆ ನೆಟ್ಟಗೆ ನಿಂತು, "ನಮಸ್ಕಾರ ವೀಕ್ಷಕರೇ, ಇಂದು ನಾವು ತಯಾರಿಸಲಿರುವ ಖಾದ್ಯ" ಎಂದು ಶುರು ಹಚ್ಚಿಕೊಳ್ಳುತ್ತಿದ್ದೆ. ಜನ್ಮದಲ್ಲಿ ಒಗ್ಗರಣೆಯನ್ನು ಖಾದ್ಯ ಅಂದವಳಲ್ಲ. ನೋಡಿದವರು ನನ್ನ ತವರಿನವರು, ನಾದಿನಿ, ಮತ್ತು ತಪ್ಪಿ ಒತ್ತಿದ ಒಂದಿಷ್ಟು ಮಂದಿ.

ಬೇರೆ ಚಾನೆಲ್ಲುಗಳಲ್ಲಿ ಅಡುಗೆ ಮುಗಿದ ಮೇಲೆ ಮಾಡಿದವರು ಒಂದು ಚಮಚ ಬಾಯಿಗಿಟ್ಟು, ಹುಬ್ಬು ಏರಿಸಿ, ಆಹಾ ಅನ್ನುತ್ತಾರೆ. ನಾನು ಅದನ್ನು ಮಾಡುವಂತಿರಲಿಲ್ಲ. ತಟ್ಟೆಯನ್ನು ಫೋನಿನ ಮುಂದೆ ಹಿಡಿದು ನಿಲ್ಲಿಸಿಬಿಡುತ್ತಿದ್ದೆ. ಅಕ್ಕಾ ನೀವ್ಯಾಕೆ ತಿನ್ನೋದಿಲ್ಲ, ನಿಮ್ಮ ಅಡುಗೆ ನಿಮಗೇ ಸೇರೋದಿಲ್ವಾ ಎಂದು ಒಬ್ಬಾಕೆ ಕೇಳಿದ್ದಳು. ಉತ್ತರ ಬರೆಯಲು ಹೋಗಿ, ಇದನ್ನೆಲ್ಲ ಹೇಗೆ ಬಿಡಿಸಿ ಹೇಳುವುದೆಂದು ಬರೆದಷ್ಟನ್ನು ಅಳಿಸಿಬಿಟ್ಟೆ.

ಒಂದು ದಿನ ಹುಳಿ ಸೊಪ್ಪಿನ ಪುಂಡಿಪಲ್ಯ ಮಾಡಿ, ಎಡೆ ಇಟ್ಟು, ಫೋನ್ ಕೈಯಲ್ಲಿ ಹಿಡಿದುಕೊಂಡೇ ಅತ್ತೆಗೆ ತಟ್ಟೆ ಕೊಟ್ಟೆ. ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಒಂದು ತುತ್ತು ತಿಂದು, "ಪುಂಡಿ ಬಂದೈತಿ, ಬ್ಯಾಳಿ ಬಂದೈತಿ, ಬಳ್ಳೊಳ್ಳಿ ಬಂದೈತಿ. ಉಪ್ಪು ಕಂಪ್ಲಿಯೊಳಗ ಬಿಟ್ಟು ಬಂದೀಯೇನು?" ಅಂದರು. ಅವರ ಮುಖ ಕಾಣುತ್ತಿರಲಿಲ್ಲ. ಮೊಳಕೈವರೆಗೆ ಹಚ್ಚೆ ಹೊಯ್ಸಿಕೊಂಡ ಕೈ ಮಾತ್ರ ಬಂದು ಹೋಗಿತ್ತು. ನಾನು ಸೋಮಾರಿತನಕ್ಕೆ ಅದನ್ನು ಕತ್ತರಿಸದೆ ಹಾಗೇ ಬಿಟ್ಟೆ. ಆ ವಿಡಿಯೊ ಎಲ್ಲೆಲ್ಲಿಗೋ ಹೋಯಿತು. ನನ್ನ ಪಲ್ಯದ ಬಗ್ಗೆ ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಬೇಕಾದದ್ದು ಅತ್ತೆ.

ಅತ್ತೆಗೆ ಹೇಳಿದೆ. ಅವರು, ಮುಖ ತೋರಿಸಬೇಡ, ಹೆಸರು ಹೇಳಬೇಡ, ನಾನು ಏನಾದರೂ ಅಂದರೆ ಅದನ್ನು ತಿದ್ದಬೇಡ ಎಂದು ಕರಾರು ಹಾಕಿದರು. ಅಲ್ಲಿಂದ ಪ್ರತಿ ವಿಡಿಯೊದ ಕೊನೆಗೂ ಕ್ರಮ ಒಂದೇ ಆಯಿತು. ದೇವರಿಗೆ ಎಡೆ, ಅದರ ಮೇಲೆ ಅತ್ತೆಯ ಕೈ, ಒಂದು ತುತ್ತು, ಒಂದು ಮಾತು. ನಾನೂ ಖಾದ್ಯ ಬಿಟ್ಟು ಮನೆಯಲ್ಲಿ ಆಡುವ ಹಾಗೆ ಮಾತಾಡತೊಡಗಿದೆ.

ಇದನ್ನು ಸ್ವತಂತ್ರ ಕೆಲಸ ಅನ್ನುತ್ತಾರೆ. ಯಾರ ಕೈಕೆಳಗೂ ಇಲ್ಲ, ನಿಜ. ಆದರೆ ನನ್ನಷ್ಟು ಜನರ ಕೈಕೆಳಗೆ ಯಾರೂ ಇರಲಿಕ್ಕಿಲ್ಲ. ನಮ್ಮ ಅಡುಗೆಮನೆಗೆ ಬೆಳಗಿನ ಬಿಸಿಲು ಮಾತ್ರ ಸರಿಯಾಗಿ ಬೀಳುತ್ತದೆ. ಅದೇ ಹೊತ್ತಿಗೆ ಪಕ್ಕದ ಮನೆಯವರು ಮಿಕ್ಸಿ ಹಚ್ಚುತ್ತಾರೆ, ತರಕಾರಿ ಗಾಡಿಯವನು ಸ್ಪೀಕರಿನಲ್ಲಿ ಟೊಮ್ಯಾಟೊ ರೇಟು ಕೂಗುತ್ತಾನೆ, ಡ್ಯಾಂ ಕಡೆಯ ಬಸ್ಸು ನಮ್ಮ ತಿರುವಿನಲ್ಲೇ ಹಾರ್ನ್ ಹಾಕುತ್ತದೆ. ಒಗ್ಗರಣೆಯ ಚಟಪಟ ಸದ್ದು ಕೇಳಬೇಕೆಂದರೆ ಇವರೆಲ್ಲರೂ ಒಟ್ಟಿಗೆ ಬಾಯಿ ಮುಚ್ಚಬೇಕು. ಫ್ಯಾನ್ ಹಾಕುವಂತಿಲ್ಲ, ಸದ್ದು ಬರುತ್ತದೆ. ನಮ್ಮೂರ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಒಲೆಯ ಮುಂದೆ ನಿಂತು ನಗುತ್ತಾ ರೊಟ್ಟಿ ಬಡಿದವರಿಗೆ ಗೊತ್ತು ಅದರ ಸುಖ. ದುಡ್ಡು ತಿಂಗಳಿಗೊಮ್ಮೆ ಬರುತ್ತದೆ, ಒಮ್ಮೆ ಮನಸ್ಸು ತುಂಬುವಷ್ಟು, ಒಮ್ಮೆ ಗ್ಯಾಸ್ ಸಿಲಿಂಡರಿಗೂ ಸಾಲದಷ್ಟು. ಯಾಕೆ ಹೆಚ್ಚಾಯಿತು, ಯಾಕೆ ಕಡಿಮೆಯಾಯಿತು ಎಂದು ಕೇಳೋಣವೆಂದರೆ ಯಾವ ಬಾಗಿಲು ಬಡಿಯಬೇಕು? ಫೋನ್ ಹಿಡಿದು ಕೂತರೆ ಹೊಟ್ಟೆ ತುಂಬುತ್ತದೇನು ಎಂದು ಕೊಂಕು ಆಡುತ್ತಿದ್ದ ನಾದಿನಿಗೆ ನಾನು ಬಾಯಿಂದ ಉತ್ತರ ಕೊಡಲಿಲ್ಲ. ಆ ವರ್ಷ ಗಾಡಿ ನಿಂತ ತಿಂಗಳುಗಳಲ್ಲೂ ಮಗಳ ಕಾಲೇಜಿನ ಫೀ ತಪ್ಪಲಿಲ್ಲ, ಅಷ್ಟು ಸಾಕಾಯಿತು.

ವಿಡಿಯೊಕ್ಕೆ ಮಾಡಿದ್ದೇ ನಮ್ಮ ಊಟ. ಬೇರೆ ಅಡುಗೆ ಇಲ್ಲ. ಹಾಗಾಗಿ ನಮ್ಮ ಮನೆಯವರು ಬೆಳಿಗ್ಗೆ ಎದ್ದು, "ಇವತ್ತ ನಿನ್ನ ಮಂದಿ ನಮಗೇನು ಉಣ್ಣಾಕ ಹಾಕ್ತಾರ?" ಎಂದು ಚೇಷ್ಟೆ ಮಾಡುತ್ತಿದ್ದರು. ನೋಡುವವರು ಎಣ್ಣೆಗಾಯಿ ಕೇಳಿದರೆ ಎಣ್ಣೆಗಾಯಿ, ಗುರೆಳ್ಳು ಚಟ್ನಿ ಕೇಳಿದರೆ ಅದು. ಬೇಸಿಗೆಯ ಒಂದು ವಾರ ಪೂರ್ತಿ ಬದನೆಕಾಯಿ ತಿಂದೆವು. ಅವರು ಪಾಪ ಸುಮ್ಮನೆ ಉಂಡರು.

ಅತ್ತೆಗೆ ಮುಖ ತೋರಿಸದೆಯೂ ಊರಲ್ಲಿ ಗುರುತು ಹುಟ್ಟಿತು. ಒಮ್ಮೆ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಹಿಚುಕಿ, ಇವು ಒಳಗ ಬಲ್ತಾವ ಎಂದು ಅತ್ತೆ ಅಂದದ್ದೇ ತಡ, ಪಕ್ಕದಲ್ಲಿ ಸೊಪ್ಪು ಆರಿಸುತ್ತಿದ್ದ ಹೆಂಗಸು ಸರಕ್ಕನೆ ತಿರುಗಿ ನೋಡಿದಳು. ಮೊದಲು ಮುಖ ನೋಡಿದಳು, ತಿಳಿಯಲಿಲ್ಲ. ಆಮೇಲೆ ಕೈಯ ಹಚ್ಚೆ ನೋಡಿ ಕಾಲಿಗೆ ಬಿದ್ದಳು. ಅತ್ತೆ ಗಾಬರಿಯಾಗಿ ಚೀಲ ನನ್ನ ಕೈಗೆ ತುರುಕಿದರು. ದಾರಿಯುದ್ದಕ್ಕೂ ನನ್ನನ್ನು ಬೈದರು, ಆದರೆ ಮನೆಗೆ ಬಂದು ಅದನ್ನೇ ಮಗನಿಗೆ ಇನ್ನಷ್ಟು ಸೇರಿಸಿ ಹೇಳಿದರು. ನಾನು ನಗುತ್ತಾ, ನೋಡುವವರು ನನ್ನ ಅಡುಗೆಗಲ್ಲ, ನಿಮ್ಮ ಮಾತಿಗೆ ಬರುತ್ತಾರೆ, ನೀವಿಲ್ಲದಿದ್ದರೆ ನನ್ನ ಅಂಗಡಿ ಬಂದ್ ಅಂದೆ. ಅದನ್ನು ಅವರು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆಂದು ನನಗೆ ಹೊಳೆಯಲಿಲ್ಲ.

ಹೀಗಿರುವಾಗ ದೂರದ ಊರಿನ ಮಸಾಲೆ ಪುಡಿಯವರೊಬ್ಬರು ಫೋನ್ ಮಾಡಿದರು. ಅವರ ಪುಡಿ ಹಾಕಿ ಸಾಂಬಾರು ಮಾಡಬೇಕು, ಅತ್ತೆ ತಿಂದು ಬಹಳ ಚೆನ್ನಾಗಿದೆ ಎನ್ನಬೇಕು, ಅದಕ್ಕೆ ಒಳ್ಳೆಯ ದುಡ್ಡು. ಗಾಡಿಗೆ ಹೊಸ ಟೈರು ಹಾಕಿಸಿದ ಹಾಗೇ ಆಯಿತೆಂದುಕೊಂಡು ನಾನು ಅತ್ತೆಯ ಮುಂದೆ ಕೂತೆ. ಅವರು ಅಡ್ಡಿಯಿಲ್ಲ ಅಂದರು, ಆದರೆ ತಿಂದ ಮೇಲೆ ಹೇಳುತ್ತೇನೆ, ತಿನ್ನುವ ಮುಂಚೆ ಹೇಗೆ ಹೇಳಲಿ ಎಂದು ಕೇಳಿದರು. ಅದನ್ನು ಪುಡಿಯವರಿಗೆ ತಿಳಿಸಿದೆ. ಅವರು ಮತ್ತೆ ಫೋನ್ ಮಾಡಲಿಲ್ಲ. ನನಗೆ ಟೈರಿನದೇ ಚಿಂತೆ. ಆ ದಿನ ಅತ್ತೆಯ ಜೊತೆ ಸರಿಯಾಗಿ ಮಾತಾಡಲಿಲ್ಲ, ಅವರೂ ಅದನ್ನು ಗಮನಿಸಿದ ಹಾಗೆ ತೋರಿಸಿಕೊಳ್ಳಲಿಲ್ಲ.

ಆ ಸಲದ ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂತು. ನೆಗಡಿ, ಕೆಮ್ಮು, ಮೈಕೈ ನೋವು. ಊರಲ್ಲಿ ಅರ್ಧ ಜನಕ್ಕೆ ಬಂದಿತ್ತು. ವಾರದಲ್ಲಿ ಎದ್ದು ಕೂತರು. ನಾನು ಅನ್ನ, ಮೆಣಸಿನ ಸಾರು ಕೊಟ್ಟಾಗ ಮಾತಿಲ್ಲದೆ ಉಂಡರು. ಬಳಲಿದ್ದಾರೆ ಅಂದುಕೊಂಡೆ. ಮತ್ತೆ ವಿಡಿಯೊ ಶುರುವಾಯಿತು, ಮತ್ತೆ ಕಿಟಕಿಯ ಪಕ್ಕ ಕೂತರು. ಉಪ್ಪು ಒಂದು ಚೂರು ಬೇಕಿತ್ತು ಅಂದರು. ಮರುಸಲ, ಹುಳಿ ಮುಂದಾಗೈತಿ. ಅದರ ಮರುಸಲ, ಖಾರ ಹತ್ತಿಲ್ಲ. ಎಲ್ಲ ಮೊದಲಿನಂತೆಯೇ ಇತ್ತು.

ಆಮೇಲೊಂದು ದಿನ ಹೋಳಿಗೆ ಮಾಡಿದೆ. ಹೋಳಿಗೆಯ ಬೇಳೆ ಬಸಿದ ಕಟ್ಟಿನಿಂದ ಸಾರು ಮಾಡುವುದನ್ನು ತೋರಿಸಬೇಕೆಂದು ಬಹಳ ಜನ ಕೇಳಿದ್ದರು. ಹುಣಸೆರಸ ಹಾಕಿ, ಮಸಾಲೆ ರುಬ್ಬಿ ಹಾಕಿ, ಇನ್ನೇನು ಉಪ್ಪು ಹಾಕಬೇಕು ಅನ್ನುವಾಗ ಬಾಗಿಲಲ್ಲಿ ಕೊರಿಯರ್‌ನವನು ಕೂಗಿದ. ರೆಕಾರ್ಡಿಂಗ್ ನಿಲ್ಲಿಸಿ ಹೋಗಿ ಸಹಿ ಹಾಕಿ ಬಂದೆ. ಬಂದವಳು ಒಗ್ಗರಣೆ ಕೊಟ್ಟುಬಿಟ್ಟೆ. ಬೇರೆಯವರ ಮನೆಯಾಗಿದ್ದರೆ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡಾಗಲೇ ಗೊತ್ತಾಗುತ್ತಿತ್ತು. ನಾನು ನೇರ ಎಡೆ ಇಟ್ಟು, ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟೆ. ಅತ್ತೆ ಹೋಳಿಗೆಯನ್ನು ಬದಿಗಿಟ್ಟು, ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ತಿಂದು, ಕಣ್ಣು ಮುಚ್ಚಿ, "ಉಪ್ಪು ಒಂದು ಕಾಳು ಮುಂದಾಗೈತಿ" ಅಂದರು.

ನಮ್ಮ ಮನೆಯವರು ಅಪರೂಪಕ್ಕೆ ಸಿಕ್ಕ ಬಾಡಿಗೆಗೆ ಹಂಪಿಗೆ ಹೋಗಿದ್ದರು, ಬರುವುದು ತಡವಾಯಿತು. ಅಷ್ಟರಲ್ಲಿ ನಾನು ವಿಡಿಯೊ ಜೋಡಿಸಿ ಹಾಕಿಯೂ ಬಿಟ್ಟೆ. ಅವರು ಬಂದು ಮೂವರೂ ಊಟಕ್ಕೆ ಕೂತೆವು. ಅವರು ಸಾರನ್ನ ಬಾಯಿಗಿಟ್ಟು ನನ್ನ ಮುಖ ನೋಡಿ, ಉಪ್ಪು ಹಾಕುವುದನ್ನೇ ಮರೆತೀಯಲ್ಲ ಎಂದು ನಕ್ಕರು. ನಾನು ಅವರದು ತಮಾಷೆ ಎಂದುಕೊಂಡು ಉಂಡೆ. ಸಾರು ಬರೀ ಸಪ್ಪೆ. ಒಂದು ಹರಳು ಉಪ್ಪು ಬಿದ್ದಿರಲಿಲ್ಲ. ನಾನು ಅತ್ತೆಯ ಕಡೆ ನೋಡಿದೆ. ಅವರ ಕೈ ತಟ್ಟೆಯ ಮೇಲೆ ನಿಂತಿತ್ತು. ಅವರು ಅಷ್ಟು ಹೊತ್ತೂ ಆ ಅನ್ನವನ್ನೇ ಉಣ್ಣುತ್ತಿದ್ದರು. ಅತ್ತೆ ಉಳಿದ ಅನ್ನವನ್ನು ಮುಗಿಸಿ, ತಟ್ಟೆ ತೊಳೆದಿಟ್ಟು, ತಮ್ಮ ಕೋಣೆಗೆ ಹೋದರು.

ಹಳೆಯ ವಿಡಿಯೊಗಳನ್ನು ತೆಗೆದು ನೋಡಿದೆ. ಜ್ವರ ಬಿಟ್ಟಾಗಿನಿಂದ ಉಪ್ಪು, ಹುಳಿ, ಖಾರ, ಮತ್ತೆ ಉಪ್ಪು, ಹುಳಿ, ಖಾರ, ಸರದಿ ತಪ್ಪದೆ ಬಂದಿದ್ದವು. ತಿನ್ನಾಕ ಬರ್ತೈತಿ ಎಂಬುದು ಒಮ್ಮೆಯೂ ಇರಲಿಲ್ಲ. ದಿನಾ ಎದುರಿಗಿದ್ದೂ ನನಗೆ ತಿಳಿದಿರಲಿಲ್ಲ.

ನೋಡುವವರ ಕಣ್ಣು ಚುರುಕು. ಅಕ್ಕಾ, ನೀವು ಉಪ್ಪು ಹಾಕಿದ್ದು ಕಾಣಲಿಲ್ಲ ಎಂದು ಮೊದಲು ಒಬ್ಬಾಕೆ ಸಭ್ಯವಾಗಿ ಬರೆದಳು. ನಾನು ಮಾಡಿದಂತೆಯೇ ಮಾಡಿ ನೋಡಿದ ಇನ್ನೊಬ್ಬಾಕೆ ಸಾರು ಸಪ್ಪೆಯಾಯಿತು ಅಂದಳು. ಮೂರನೆಯವನು, ಹಾಗಾದರೆ ಅತ್ತೆಯ ಮಾತನ್ನು ಮೊದಲೇ ಬರೆದು ಕೊಡುತ್ತೀರೋ ಎಂದು ಕೇಳಿದ. ಅಲ್ಲಿಂದ ಶುರುವಾಯಿತು. ಎಲ್ಲಾ ನಾಟಕ, ಆ ಮುದುಕಿಯೂ ಬಾಡಿಗೆಯವಳಿರಬೇಕು, ಹಚ್ಚೆಯೂ ಬಣ್ಣದ್ದಿರಬೇಕು. ನಮ್ಮ ಚಾನೆಲ್ಲಿನಲ್ಲಿ ದೊಡ್ಡ ಅಡುಗೆಮನೆ ಇಲ್ಲ, ಹೊಳೆಯುವ ಪಾತ್ರೆ ಇಲ್ಲ. ಇದ್ದದ್ದು ಅತ್ತೆ ಸುಳ್ಳು ಹೇಳುವುದಿಲ್ಲ ಎಂಬುದೊಂದೇ. ಅದು ಹೋದರೆ ಮಳೆಗಾಲ ಮುಗಿಯುವ ತನಕ ಮನೆ ನಡೆಯುವುದು ಹೇಗೆ? ಅದನ್ನು ಉಳಿಸಿಕೊಳ್ಳಬೇಕೆಂದರೆ ಅತ್ತೆಗೆ ರುಚಿ ಹೋಗಿದೆ ಎಂದು ಊರಿಗೆಲ್ಲ ಹೇಳಬೇಕು. ಆಡಿಕೊಳ್ಳುವ ಬಾಯಿಗಳಿಗೆ ಅವರನ್ನು ಒಪ್ಪಿಸುವುದು ನನ್ನಿಂದ ಆಗುತ್ತಿರಲಿಲ್ಲ. ನಾನು ಉತ್ತರ ಬರೆಯಲಿಲ್ಲ, ಹೊಸ ವಿಡಿಯೊ ಹಾಕಲಿಲ್ಲ.

ಮರುದಿನ ಅತ್ತೆ ಸಂಡೂರಿಗೆ, ತಮ್ಮನ ಮನೆಗೆ ಹೋಗುತ್ತೇನೆ ಅಂದರು. ನಮ್ಮ ಮನೆಯವರು ಗಾಡಿಯಲ್ಲಿ ಬಿಟ್ಟು ಬಂದರು. ದಾರಿಯಲ್ಲಿ ಡಾಕ್ಟರಿಗೂ ತೋರಿಸಿದರಂತೆ. ಕೆಲವರಿಗೆ ಜ್ವರದ ಮೇಲೆ ಹೀಗಾಗುತ್ತದೆ, ಮರಳಿ ಬಂದರೂ ಬರಬಹುದು, ಕಾಯಿರಿ ಎಂದರಂತೆ. ಕಿಟಕಿಯ ಪಕ್ಕದ ಕುರ್ಚಿ ಖಾಲಿ ಉಳಿಯಿತು. ನಾನು ಎಡೆ ಇಟ್ಟ ಮೇಲೆ ತಟ್ಟೆ ಹಿಡಿದು ಅಭ್ಯಾಸಕ್ಕೆ ಆ ಕಡೆ ನಾಲ್ಕು ಹೆಜ್ಜೆ ನಡೆದು ತಿರುಗಿ ಬರುತ್ತಿದ್ದೆ.

ತಡೆಯಲಾಗದೆ ನಾನೇ ಸಂಡೂರಿಗೆ ಹೋದೆ. ಗುಡ್ಡದ ದಾರಿಯಲ್ಲಿ ಅದಿರಿನ ಲಾರಿಗಳು ಸಾಲಾಗಿ ಬರುತ್ತಿದ್ದವು. ಅತ್ತೆಯ ತಮ್ಮನ ಮನೆ ಮುಟ್ಟುವಷ್ಟರಲ್ಲಿ ಅದಿರಿನ ಧೂಳಿಗೆ ನನ್ನ ಬಿಳಿ ದುಪಟ್ಟಾ ಕೆಂಪಾಗಿತ್ತು. ಅತ್ತೆ ಹಿತ್ತಲಲ್ಲಿ ಕರಿಬೇವಿನ ಗಿಡದ ಹತ್ತಿರ ಕೂತಿದ್ದರು. ಎಲೆ ಕಿತ್ತು, ಬೆರಳಲ್ಲಿ ಹೊಸಕಿ, ಮೂಗಿಗೆ ಹಿಡಿದು, ಕೆಳಗೆ ಬಿಡುತ್ತಿದ್ದರು. ಅವರ ಪಾದದ ಸುತ್ತ ಎಲೆ ಬಿದ್ದಿದ್ದವು. ನಾನು ಪಕ್ಕದಲ್ಲಿ ಕೂತೆ.

ನಾನು ಕೇಳುವ ಮೊದಲು ಅವರೇ ಹೇಳಿದರು. "ಜ್ವರ ಬಂದು ಹೋದಾಗಿಂದ ಬಾಯಿಗೆ ಏನೂ ಹತ್ತವಲ್ದು. ಖಾರ ಒಂದು ಚುರ್ ಅಂತೈತಿ. ಉಳಿದದ್ದೆಲ್ಲಾ ಮಣ್ಣು ತಿಂದಂಗ."

ಆಗಲೇ ಹೇಳಬೇಕಿತ್ತಲ್ಲ, ನಾವೇನು ಹೊರಗಿನವರೇ ಎಂದು ನಾನು ಕೇಳಿದೆ. ಕೇಳುವಾಗ ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು.

"ಹೇಳಿ ಏನು ಮಾಡ್ಲಿ? ಗಾಡಿ ಬಾಗಲ ಮುಂದ ನಿಂತಿತ್ತು. ಹುಡಿಗಿ ಫೀ ಕಟ್ಟೂದು ಬಂದಿತ್ತು. ಮಂದಿ ನಿಮ್ಮ ಮಾತಿಗೆ ಬರ್ತಾರಂತ ನೀನ ಅಂದಿದ್ದಿ. ಮಾತು ಒಂದು ಉಳದಿತ್ತು, ಕೊಟ್ಟೆ."

ಮಸಾಲೆ ಪುಡಿಯವರಿಗೆ ಒಂದು ಸುಳ್ಳು ಹೇಳಲಾರದ ಹೆಂಗಸು ಇವರು. ನನಗಾಗಿ ಜ್ವರ ಬಿಟ್ಟಾಗಿನಿಂದ ಹೇಳುತ್ತಲೇ ಬಂದಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ನಮ್ಮಲ್ಲಿ ಅತ್ತೆ ಸೊಸೆ ಕೈ ಹಿಡಿದುಕೊಂಡು ಕೂರುವ ರೂಢಿ ಇಲ್ಲ. ಅವರು, ಕೈಯೆಲ್ಲಾ ಕರಿಬೇವು ಆಗೈತಿ ಎಂದು ಬಿಡಿಸಿಕೊಂಡರು. ಚಾನೆಲ್ ಮುಚ್ಚಿಬಿಡೋಣ, ನಾನು ಕಂಪ್ಲಿಯಲ್ಲಿ ಅಣ್ಣನ ಅಕ್ಕಿ ಅಂಗಡಿಯ ಲೆಕ್ಕ ಬರೆದುಕೊಂಡಾದರೂ ಇರುತ್ತೇನೆ ಅಂದೆ. ಅತ್ತೆ ನನ್ನ ಫೋನಿನ ಕಡೆ ಕೈ ತೋರಿಸಿ, ಜನ ಏನೇನು ಬರೆದಿದ್ದಾರೆ, ಓದು ಅಂದರು. ಬೇಡವೆಂದರೂ ಬಿಡಲಿಲ್ಲ. ಓದಿದೆ. ಹಚ್ಚೆಯೂ ಬಣ್ಣದ್ದು ಎಂಬಲ್ಲಿ ಅವರು ತಮ್ಮ ಕೈಯನ್ನೇ ಒಮ್ಮೆ ಉಜ್ಜಿ ನೋಡಿಕೊಂಡರು. ಇಬ್ಬರಿಗೂ ನಗು ಬಂತು.

ಆ ದಿನ ಅಲ್ಲೇ ಉಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಅವರ ಬ್ಯಾಗು ಬಾಗಿಲಲ್ಲಿತ್ತು. ಹೊಸಪೇಟೆಯ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತರು. ಗುಡ್ಡ ಇಳಿದ ಮೇಲೆ, ಅದೇ ಕಟ್ಟಿನ ಸಾರು ಮತ್ತೆ ಮಾಡು, ಫೋನ್ ಇಡು, ನಾನು ಹೇಳುವುದನ್ನು ಕತ್ತರಿಸಬೇಡ ಅಂದರು. ಏನು ಹೇಳುತ್ತೀರಿ ಎಂದು ಕೇಳಿದ್ದಕ್ಕೆ ಕಿಟಕಿಯ ಹೊರಗೆ ನೋಡಿದರು.

ಮತ್ತೆ ಹೋಳಿಗೆ ಮಾಡಿದೆ. ಬೇಳೆ ಬೇಯಿಸಿ ಕಟ್ಟು ಬಸಿದೆ. ಈ ಸಲ ಉಪ್ಪು ಹಾಕುವ ಕೈಯನ್ನು ಫೋನಿನ ಮುಂದೆ ಬೇಕೆಂದೇ ನಿಧಾನ ಮಾಡಿದೆ. ಬಾಗಿಲ ಚಿಲಕ ಹಾಕಿಸಿದ್ದೆ, ಯಾವ ಕೊರಿಯರ್‌ನವನು ಬಂದರೂ ನಮ್ಮ ಮನೆಯವರು ನೋಡಿಕೊಳ್ಳಬೇಕು. ಎಡೆ ಇಟ್ಟು ಕೈಮುಗಿದು, ತಟ್ಟೆ ತಂದು ಅತ್ತೆಯ ಮುಂದೆ ಹಿಡಿದೆ. ಫೋನ್ ಎದುರಿಗೆ ಸ್ಟ್ಯಾಂಡಿನ ಮೇಲಿತ್ತು. ಹಚ್ಚೆಯ ಕೈ ಬಂತು, ತಟ್ಟೆ ಹಿಡಿಯಿತು. ತುತ್ತು ಎತ್ತಲಿಲ್ಲ. ತಟ್ಟೆಯನ್ನು ನನ್ನ ಕಡೆಗೇ ದೂಡಿತು.

"ನೋಡ್ರಿ, ಜ್ವರ ಬಂದು ನನ್ನ ನಾಲಿಗಿ ಹೋಗೈತಿ," ಎಂದರು ಅತ್ತೆ, ಫೋನಿನ ಕಡೆ ತಿರುಗಿ. "ಮೊನ್ನೆ ಉಪ್ಪು ಹೆಚ್ಚಾಗೈತಿ ಅಂತ ಸುಳ್ಳು ಹೇಳಿದ್ದು ನಾನ. ಇಕಿ ಬರಕೊಟ್ಟಿದ್ದಲ್ಲ. ಇನ್ನ ಮುಂದ ಇಕಿ ತಿಂದು ಹೇಳ್ತಾಳ."

ಆಮೇಲೆ ನನಗೆ ಅಂದರು, "ಕುಂದ್ರು. ತಿನ್ನು."

ನಾನು ಕೂತೆ. ಆ ಮನೆಗೆ ಬಂದು ಇಷ್ಟು ವರ್ಷವಾದರೂ ಯಾರೂ ಮುಟ್ಟದ ತಟ್ಟೆಯಿಂದ ಮೊದಲ ತುತ್ತು ನಾನು ಎತ್ತಿರಲಿಲ್ಲ. ಅತ್ತೆ ಎದುರಿಗೆ ಹಸಿದು ಕೂತಿರುವಾಗ ನಾನು ಉಣ್ಣುವುದೆಂದರೇನು? ಅನ್ನ ಕಲಸಿ ಬಾಯಿಗಿಟ್ಟೆ. ಉಪ್ಪು ಇದೆ ಎಂಬುದಷ್ಟೇ ತಿಳಿಯಿತು, ಮಿಕ್ಕಿದ್ದು ಗಾಬರಿಯಲ್ಲಿ ತಿಳಿಯಲಿಲ್ಲ. "ಚಲೋ ಐತ್ರಿ" ಅಂದೆ.

"ಅದನ್ನ ಎಲ್ಲಾರೂ ಅಂತಾರ. ಏನು ಕಮ್ಮಿ ಐತಿ, ಅದನ್ನ ಹೇಳು."

ಇನ್ನೊಂದು ತುತ್ತು ತೆಗೆದುಕೊಂಡೆ. ನನಗೇ ತಿಳಿಯದ ಹಾಗೆ ಕಣ್ಣು ಮುಚ್ಚಿದೆ. ಬೇಳೆಯ ಸಿಹಿ, ಕೊಬ್ಬರಿ, ಹಿಂದಿನಿಂದ ಮೆಣಸು. ಅವುಗಳ ನಡುವೆ ಎದ್ದು ಬರಬೇಕಾದ ಒಂದು ಬಂದಿರಲಿಲ್ಲ.

"ಹುಳಿ ಒಂದು ಚೂರು ಕಮ್ಮಿ ಆಗೈತ್ರಿ, ಅತ್ತಿ" ಅಂದೆ.

ಹಚ್ಚೆಯ ಕೈ ಮತ್ತೆ ಮುಂದೆ ಬಂತು. "ಹಂಗಾರ ತಾ ಇಲ್ಲಿ," ಎಂದರು. "ಹಸಿವಿ ಆಗೈತಿ, ಉಣ್ತೀನಿ."